ಸಿಂಹದ ಡಬ್ಬಿ

ಡಬ್ಬಿಯ ಮೇಲೆ ಸಿಂಹ, ಸಿಂಹದ ಬೆನ್ನಿಗೆ ಕಾಡು,
'ನೂರಕ್ಕೆ ನೂರು ಬೇರುನಾರು' ಎಂದು ಚಿನ್ನದ ಅಚ್ಚು.
ಬೆಳಗಿನ ಎಂಟಕ್ಕೆ, ತಕೊರಾಡಿ ಬಂದರಿನ ಸೈರನ್ನು ಕೂಗುವಾಗ
ಇಪ್ಪತ್ತು ಮಾತ್ರೆ ಎಣಿಸಿ ಕಲ್ಲುಗುಂಡಿಗೆ ಹಾಕಿ
ಆ ಕಾಡನ್ನು ಕುಟ್ಟುತ್ತೇನೆ. ನನ್ನ ಸಂಬಳ ಅದಕ್ಕೇ.

ಯಂತ್ರಕ್ಕೆ ಸಿಂಹ ಕಾಣುವುದಿಲ್ಲ.
ಗೆರೆ ಎಳೆಯುತ್ತ ಹೋಗುತ್ತದೆ, ಚಪ್ಪಟೆ, ಚಪ್ಪಟೆ,
ಆರನೆಯ ನಿಮಿಷಕ್ಕೆ ಸೂಜಿಯಂಥ ಶಿಖರ.
(ಡಬ್ಬಿ ಕೊಟ್ಟ ಮಾತಿನಂತೆ ಎದ್ದು ನಿಂತದ್ದು
ನಾನು ಕಂಡಂತೆ ಅದೊಂದೇ.)
ವೈದ್ಯರು ಎದೆಗೆ ಕೊಳವೆಯಿಟ್ಟು, ಕೇಳಿ, ಅಳೆದು ಕೊಡುವ ಮದ್ದೇ
ವೇಷ ಹಾಕಿಕೊಂಡು ಬೇರಿನ ಹೆಸರಲ್ಲಿ ಕೂತಿದೆ.
ಮೊನ್ನೆಯದು ಆನೆ. ಅದೇ ಶಿಖರ, ಎರಡು ಪಟ್ಟು.
ನಿನ್ನೆ ಘೇಂಡಾಮೃಗ: ಬರೀ ಜೋಳದ ಹಿಟ್ಟು.
ಒಂದೇ ಡಬ್ಬಿಯ ಎರಡು ಮಾತ್ರೆ
ಒಂದೇ ತಾಯ ಮಕ್ಕಳಲ್ಲ.

ಎಕೋ ಆರ್ಕೊಫುಲ್ ಬಂದದ್ದು ಸಂಜೆ, ಹಿಂಬಾಗಿಲಿಗೆ.
ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದದ್ದು ಮೀನಲ್ಲ.
ಐವತ್ತೆಂಟು ವರ್ಷ. ಕೇಪ್‌ಕೋಸ್ಟ್ ದಾರಿಯಲ್ಲಿ ಟ್ರೋಟ್ರೋ ಓಡಿಸುತ್ತಾನೆ.
ಹಿಂದಿನ ಗಾಜಿನ ಮೇಲೆ ಹರೆಯದಲ್ಲಿ ಬರೆಸಿದ್ದು
'ತಲೆಬಾಗದವನು.' ಬಣ್ಣ ಅರ್ಧ ಉದುರಿದೆ.

"ದಿನಕ್ಕೆ ಮೂರು ಸಲ ಕೇಳುತ್ತೇನೆ, ಅರಾಬಾ.
ಬಸ್ಸು ಹೊರಟೊಡನೆ ಒಬ್ಬ ಎದ್ದು ಪ್ರಾರ್ಥನೆ ಹೇಳುತ್ತಾನೆ,
ಆಮೆನ್ ಮುಗಿಯುವ ಮೊದಲೇ ಚೀಲದ ಜಿಪ್ಪು.
'ಇಲ್ಲಿ ಗಂಡಸು ಯಾರು?'
ಎಲ್ಲರೂ ನಗುತ್ತಾರೆ, ಯಾರೂ ಕೈಯೆತ್ತುವುದಿಲ್ಲ.
ಕನ್ನಡಿಯಲ್ಲಿ ನೋಡುತ್ತಿರುತ್ತೇನೆ:
ಹಿಂದಿನ ಸೀಟಿನಿಂದ ನೋಟು ಕೈಯಿಂದ ಕೈಗೆ ಬರುತ್ತದೆ,
ಟಿಕೆಟ್ಟಿನ ದುಡ್ಡಿನ ಹಾಗೆ, ಯಾರದೆಂದು ಯಾರಿಗೂ ಗೊತ್ತಾಗದೆ.
ಒಂದು ದಿನ ಆ ನೋಟು ನನ್ನದು."

ಪೊಟ್ಟಣದಲ್ಲಿ ಸಿಂಹ. ಜೊತೆಗೊಂದು ಪ್ಲಾಸ್ಟಿಕ್ ಕೊಳವೆ, ರಬ್ಬರಿನ ಉಂಡೆ,
'ಮೂರು ವಾರಕ್ಕೆ ಮೂರು ಇಂಚು.'
"ಅಳೆದೆಯಾ?"
"ಬಡಗಿಯ ಟೇಪಿನಲ್ಲಿ." ನಕ್ಕ. "ಟೇಪು ಪ್ರಾಮಾಣಿಕ."

ಆಸ್ಪತ್ರೆಯಲ್ಲೂ ಇಂಥದ್ದಿದೆ, ಎಂದೆ. ಗಾಳಿ ಎಳೆಯುವುದು ಮಿತಿ ಮೀರದಂತೆ
ಅದಕ್ಕೊಂದು ಕವಾಟ; ಬಿಗಿದ ಬಳೆಯನ್ನು
ಅರ್ಧ ಗಂಟೆಯೊಳಗೆ ಬಿಚ್ಚಬೇಕೆಂಬ ಕಟ್ಟಪ್ಪಣೆ.
ಆಗ ನಿಲ್ಲುತ್ತದೆ, ಆಮೇಲೆ ಮಲಗುತ್ತದೆ. ಬೆಳೆಯುವುದಿಲ್ಲ.
ಇದಕ್ಕೆ ಕವಾಟವೇ ಇಲ್ಲ.
"ನೀಲಿಗಟ್ಟಿತ್ತು," ಎಂದ, ನನಗಲ್ಲ, ಗೋಡೆಗೆ.

"ಹೋಗಲಿ, ಮಾತ್ರೆ? ಕೆಲಸ ಮಾಡುತ್ತದೋ ಇಲ್ಲವೋ, ಅಷ್ಟು ಹೇಳು."
"ಮಾಡಬಹುದು. ನನ್ನ ಭಯವೇ ಅದು."
ಅವನ ಅಂಗಿ ಜೇಬಿನಲ್ಲಿ ಕಂದು ಸೀಸೆ,
ಎದೆ ಹಿಡಿದಾಗ ನಾಲಿಗೆಯಡಿ ಇಡುವ ಗುಳಿಗೆ.
ಇದೂ ಅದೂ ಒಂದೇ ರಾತ್ರಿ ರಕ್ತದಲ್ಲಿ ಭೇಟಿಯಾದರೆ
ಹಗ್ಗ ಕಡಿದ ಕೊಡ ಬಾವಿಗೆ ಬಿದ್ದಂತೆ ಒತ್ತಡ ಕುಸಿಯುತ್ತದೆ.
ಹೋದ ತಿಂಗಳು ಸೆಕೊಂಡಿಯ ವಸತಿಗೃಹದಿಂದ ಬಂದ ಡಬ್ಬಿಯಲ್ಲಿ
ಒಂಬತ್ತು ಉಳಿದಿದ್ದವು.
ಹತ್ತನೆಯದನ್ನು ನುಂಗಿದವನ ಹೆಸರು ನಮಗೆ ಕಳಿಸುವುದಿಲ್ಲ,
ಬರೀ ಸಂಖ್ಯೆ.

ಪಕ್ಕದ ಮನೆಯಲ್ಲಿ ಕೆಂಕೆ ಬೇಯುತ್ತಿತ್ತು. ಬಹಳ ಹೊತ್ತು ಸುಮ್ಮನಿದ್ದ.
"ಮೆನ್ಸಿಮಾ ಏನೂ ಬೇಡಿಲ್ಲ," ಎಂದ ಕೊನೆಗೆ.
"ಗೋಡೆಯ ಕಡೆ ಮುಖ ಮಾಡಿ ಯಾಕೆ ಮಲಗುತ್ತೀ, ಅಂದಳು. ಅಷ್ಟೇ."
"ರಾತ್ರಿ ನೀರಡಿಕೆ ಆಗುತ್ತದಾ? ಪಾದ ಜುಮ್ಮೆನ್ನುತ್ತದಾ?"
ತಲೆ ಬಾಗಿಸಿದ, ತಲೆಬಾಗದವನು.

ಬುಧವಾರ ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರನ್ನೂ ಕಂಡೆ.
ಬೆರಳ ತುದಿಗೆ ಹತ್ತಿ ಒತ್ತಿಕೊಂಡು ಅವನು,
ಹೊಗೆಮೀನಿನ ಬುಟ್ಟಿ ತೊಡೆಯ ಮೇಲಿಟ್ಟು ಅವಳು,
ಸಕ್ಕರೆಯ ಅಂಕಿ ಬರುವುದನ್ನು ಕಾಯುತ್ತ.
ಅವನೇನೋ ಅಂದ. ಅವಳು ನಕ್ಕು ಮೊಣಕೈಯಲ್ಲಿ ತಿವಿದಳು.
ರಾತ್ರಿಯ ಮಾತು ನಾನು ಕೇಳಲಿಲ್ಲ.
ಅದನ್ನು ಅಳೆವ ಯಂತ್ರ ನಮ್ಮಲ್ಲಿಲ್ಲ.

ಕಲ್ಲುಗುಂಡಿ ತೊಳೆದು ಬೋರಲಿಟ್ಟೆ.
ಮೇಜಿನ ಮೇಲೆ ಹೊಸ ಡಬ್ಬಿ,
ಈ ಸಲ ಮೊಸಳೆ.